ಕಪ್ಪು ಡ್ರೈವರಿಗೆ, ಸಾಸರು ಕಂಡಕ್ಟರಿಗೆ

ಕಾಪಿಯನ್ನು ಹೀಗೇ ಕುಡಿಯಬೇಕು ಎಂದು ಪಾಠ ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. ಮೊನ್ನೆ ಮಾಲ್‌ನ ಕೆಫೆಯಲ್ಲಿ ಏಪ್ರನ್ ಕಟ್ಟಿಕೊಂಡ ಹುಡುಗನೊಬ್ಬ, "ಸರ್, ಇದಕ್ಕೆ ಸಕ್ಕರೆ ಹಾಕಬಾರದು, ಫ್ಲೇವರ್ ಹೋಗ್ತದೆ" ಅಂದ. "ಹೋಗಲಿ ಮಾರಾಯ, ಎಲ್ಲಿಗೆ ಹೋಗ್ತದೆ ಅಂತ ನಾನೂ ನೋಡ್ತೇನೆ" ಅಂತ ಮೂರು ಪೊಟ್ಟಣ ಸುರಿದೆ. ಕುಡಿದು ಮುಗಿಯುವಾಗ ನಾಲಗೆ ಮೇಲೆ ಪಾಕ ಕಟ್ಟಿತ್ತು. ಆದರೂ ಅವನ ಎದುರು ಮುಖ ಹುಳಿ ಮಾಡಲಿಲ್ಲ. ಸೋಲುವುದಾದರೆ ಮನೆಗೆ ಬಂದು ಸೋಲಬೇಕು.

ಬೇರೆಯವರ ಹಾಗೆ ಮಾಡಿ ತೋರಿಸುವುದು ನನಗೆ ಚಿಕ್ಕಂದಿನಿಂದ ಇರುವ ಚಟ. ಅದಕ್ಕೆ ಕಾಪಿ ಕುಡಿಯುವವರಷ್ಟು ಒಳ್ಳೆಯ ಸಾಮಗ್ರಿ ಬೇರೆ ಇಲ್ಲ. ಬಾಯಿಗೆ ಕಪ್ಪು ಇಟ್ಟ ಮನುಷ್ಯ ತನ್ನ ಮುಖವನ್ನು ಕಾಯಲಾರ. ನನ್ನ ಅಮ್ಮ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಕೂತು ಕಾಪಿ ಕುಡಿದವಳಲ್ಲ. ಒಲೆಯ ಬದಿಯಲ್ಲಿ ನಿಂತು, ಮೂರನೇ ಸಲ ಬಿಸಿ ಮಾಡಿದ ಬೆಲ್ಲದ ಕಾಪಿಯನ್ನು ಔಷಧದ ಹಾಗೆ ಒಂದೇ ಗುಟುಕಿಗೆ ಇಳಿಸಿ, ಬಾಯಿ ಒರೆಸುವ ಮೊದಲೇ ತೆಂಗಿನಕಾಯಿ ಕೈಗೆತ್ತಿಕೊಳ್ಳುತ್ತಾಳೆ. ಅಕ್ಕ ಮೊದಲು ಫೋಟೋ ತೆಗೆದು, ಅದನ್ನು ಯಾರು ನೋಡಿದರು ಅಂತ ನೋಡಿ, ಕೆನೆ ಕಟ್ಟಿದ ಮೇಲೆ "ತಣ್ಣಗೆ ಆಗಿದೆ" ಅಂತ ಅಮ್ಮನಿಗೆ ಬೈಯುತ್ತಾಳೆ. ತೊಕ್ಕೊಟ್ಟಿನ ನನ್ನ ಬ್ಯಾರಿ ಗೆಳೆಯನ ಮಾವ ಗಲ್ಫಿನಿಂದ ಬಂದಾಗ ಹೆಬ್ಬೆರಳಿನಷ್ಟು ಸಣ್ಣ ಕಪ್ಪಿನಲ್ಲಿ ಖರ್ಜೂರದ ಜೊತೆ ಕಹಿ ಕಾಪಿ ಕೊಡುತ್ತಿದ್ದರು. ಸಾಕಾದರೆ ಖಾಲಿ ಕಪ್ಪನ್ನು ಅಲ್ಲಾಡಿಸಿ ತೋರಿಸಬೇಕಂತೆ. ಅದು ನನಗೆ ಯಾರೂ ಹೇಳಲಿಲ್ಲ. ಮರ್ಯಾದೆಗೆ ಅಂತ ಎಂಟು ಕಪ್ಪು ಕುಡಿದು, ಎರಡು ರಾತ್ರಿ ಫ್ಯಾನಿನ ರೆಕ್ಕೆ ಎಣಿಸುತ್ತಾ ಮಲಗಿದೆ. ಗೆಳೆಯ ಈಗಲೂ ನನ್ನನ್ನು ಕಂಡರೆ ಕೈ ಅಲ್ಲಾಡಿಸುತ್ತಾನೆ.

ಇನ್ನು ಅಪ್ಪ. ಅಪ್ಪ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಮಂಡಿ ನೋವು ಜಾಸ್ತಿಯಾಗಿ ಕೆಲಸ ಬಿಟ್ಟ ಮೇಲೆ ದಿನಾ ನಾಲ್ಕು ಗಂಟೆಗೆ ಉರ್ವ ಮಾರ್ಕೆಟ್ ಹತ್ತಿರದ ಹೋಟೆಲಿಗೆ ಹೋಗಿ ಒಂದು ಪ್ಲೇಟ್ ಗೋಳಿಬಜೆ, ಒಂದು ಕಾಪಿ. ಕಾಪಿಯನ್ನು ಸಾಸರಿಗೆ ಸುರಿದು, ಸೊರ್ರ್ ಅಂತ. ಆ ಸೊರ್ರಿಗೆ ಪಕ್ಕದ ಟೇಬಲಿನವರು ಪೇಪರ್ ಕೆಳಗಿಳಿಸಿ ನೋಡಬೇಕು.

ಅಕ್ಕನ ನಿಶ್ಚಿತಾರ್ಥದ ದಿನ ಊಟವಾದ ಮೇಲೆ ಹಾಲ್‌ನಲ್ಲಿ ಎಲ್ಲರೂ, ಯಾರನ್ನಾದರೂ ಮಾಡಿ ತೋರಿಸು ಅಂತ ನನ್ನನ್ನು ಹಿಡಿದರು. ಮೈಕ್ ಬೇರೆ ಇತ್ತು. ಅಮ್ಮನನ್ನು ಮಾಡಿದೆ, ಅಕ್ಕನನ್ನು ಮಾಡಿದೆ, ಎಂಟು ಕಪ್ಪು ಕುಡಿದ ನನ್ನನ್ನೇ ಮಾಡಿದೆ. ಕೊನೆಗೆ ಅಪ್ಪನನ್ನು. ಗಲ್ಲ ಉಬ್ಬಿಸಿ ಸಾಸರಿಗೆ ಊದಿ ಊದಿ, ಮೈಕಿನ ಹತ್ತಿರ ಹಿಡಿದು ಸೊರ್ರ್ ಅಂತ ಎಳೆದೆ. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಭಾವನ ಚಿಕ್ಕಪ್ಪ ಕಣ್ಣೀರು ಒರೆಸಿಕೊಂಡು ವಿಡಿಯೋ ಮಾಡಿದರು. ಅಪ್ಪನೂ ನಕ್ಕರು. ನಕ್ಕಿದ್ದನ್ನು ನಾನು ನೋಡಿದೆ, ಅಷ್ಟು ಸಾಕು ಅಂದುಕೊಂಡೆ.

ಮರುದಿನ ಅಪ್ಪ ಕಾಪಿಯನ್ನು ಸ್ಟೀಲ್ ಲೋಟದಲ್ಲಿ ಕೇಳಿದರು. ಆರುವ ತನಕ ಕಾದು, ತುಟಿ ಮುಚ್ಚಿಕೊಂಡು, ಶಬ್ದವಿಲ್ಲದೆ ನಾಲ್ಕು ಗುಟುಕು ಕುಡಿದು ಉಳಿದದ್ದು ಬಿಟ್ಟರು. ನಾಲ್ಕು ಗಂಟೆಗೆ ಎಲ್ಲಿಗೂ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಒಂದು ವಾರ ಕಳೆಯಿತು.

"ಅಪ್ಪನಿಗೆ ಎಂತ ಆದದ್ದು?" ಅಂತ ಅಮ್ಮನನ್ನು ಕೇಳಿದೆ.

"ಕಾಪಿ ಹೊಟ್ಟೆಗೆ ಆಗುವುದಿಲ್ಲವಂತೆ."

"ಇಷ್ಟು ವರ್ಷ ಆಗ್ತಿತ್ತಲ್ಲ?"

"ಇಷ್ಟು ವರ್ಷ ನೀನು ಮೈಕ್ ಹಿಡಿದಿರಲಿಲ್ಲ" ಅಂದಳು ಅಮ್ಮ, ತೆಂಗಿನಕಾಯಿ ತುರಿಯುತ್ತಾ.

ನಾನು ಮಾಡಿದ್ದು ತಮಾಷೆ, ಬೇಜಾರು ಮಾಡಿಕೊಂಡರೆ ಅವರ ತಪ್ಪು ಅಂತ ಎರಡು ದಿನ ನನ್ನ ಜೊತೆಗೇ ವಾದ ಮಾಡಿದೆ. ಮೂರನೇ ದಿನ ವಾದಕ್ಕೆ ಜನ ಇರಲಿಲ್ಲ. ನಾಲ್ಕು ಗಂಟೆಗೆ ನಾನೇ ಆ ಹೋಟೆಲಿಗೆ ಹೋದೆ. ಅಪ್ಪನ ಟೇಬಲಿನಲ್ಲಿ ಅಪ್ಪನ ಬಸ್ಸಿನ ಹಳೆಯ ಡ್ರೈವರ್ ಮಾಮ ಒಬ್ಬರೇ ಕೂತಿದ್ದರು.

"ನಿನ್ನ ವಿಡಿಯೋ ನೋಡಿದೆ" ಅಂದರು. "ಚಂದ ಉಂಟು. ಆದ್ರೆ ನಿನಗೆ ಪೂರ್ತಿ ಗೊತ್ತಿಲ್ಲ."

"ಎಂತ ಗೊತ್ತಿಲ್ಲ ಮಾಮ?"

"ತೊಕ್ಕೊಟ್ಟು ಸ್ಟಾಪಿನಲ್ಲಿ ನಮಗೆ ಮೂರು ನಿಮಿಷ. ಹಿಂದಿನಿಂದ ಇನ್ನೊಂದು ಬಸ್ಸು ಹಾರ್ನ್ ಹೊಡಿತಾ ನಿಂತಿರ್ತದೆ, ಈಚೆಯಿಂದ ಟೈಮ್‌ಕೀಪರ್ ಬೊಬ್ಬೆ. ನಾನು ಸೀಟ್ ಬಿಟ್ಟು ಇಳಿಯುವ ಹಾಗಿಲ್ಲ. ನಿನ್ನ ಅಪ್ಪ ಓಡಿ ಹೋಗಿ ಒಂದು ಕಾಪಿ ತರ್ತಿದ್ದ. ಅರ್ಧ ಸಾಸರಿಗೆ ಸುರಿದು, ಕಪ್ಪನ್ನು ಕಿಟಕಿಯಲ್ಲಿ ನನಗೆ ಕೊಡ್ತಿದ್ದ. ಕಪ್ಪು ಡ್ರೈವರಿಗೆ, ಸಾಸರು ಕಂಡಕ್ಟರಿಗೆ. ಕುದಿಯುವ ಕಾಪಿ ಅದು. ಸಾಸರಿನಲ್ಲಿ ಸೊರ್ರ್ ಅಂತ ಎಳೆಯದಿದ್ರೆ ಪಂಪ್‌ವೆಲ್‌ವರೆಗೆ ಟಿಕೆಟ್ ಕೇಳಲಿಕ್ಕೆ ನಾಲಗೆ ಉಳಿಯುವುದಿಲ್ಲ. ಹತ್ತೊಂಬತ್ತು ವರ್ಷ ಹಾಗೆ. ಕೆಲಸ ಬಿಟ್ಟ ಮೇಲೆ ಇಲ್ಲಿಯೂ ಹಾಗೆಯೇ." ತಮ್ಮ ಕಪ್ಪನ್ನು ನೋಡಿಕೊಂಡರು. "ಈಗ ಪೂರ್ತಿ ಕಾಪಿ ನಾನೊಬ್ಬನೇ ಕುಡಿಯುವುದು. ಜಾಸ್ತಿ ಆಗ್ತದೆ."

ಅವರ ಕಾಪಿಯ ದುಡ್ಡು ಕೊಟ್ಟು ಮನೆಗೆ ಹೊರಟೆ.

ಆ ಭಾನುವಾರ ಭಾವನ ಮನೆಯವರು ಮದುವೆ ಕಾಗದದ ನಮೂನೆ ತೆಗೆದುಕೊಂಡು ನಮ್ಮ ಮನೆಗೆ ಬಂದರು. ಅಕ್ಕ ಒಳಗೆ ಕರೆದು, "ಇವತ್ತೊಂದು ದಿನ ಮನುಷ್ಯನ ಹಾಗೆ ಇರು" ಅಂದಳು. ಹಾಗೇ ಇರುವ ಅಂತಲೇ ನಾನೂ ಅಂದುಕೊಂಡಿದ್ದೆ. ಅಮ್ಮ ಹಬ್ಬಕ್ಕೆ ಮಾತ್ರ ಇಳಿಸುವ ಹೂವಿನ ಕಪ್ಪು-ಸಾಸರಿನಲ್ಲಿ ಕಾಪಿ ತಂದಳು. ಅಪ್ಪ ತಮ್ಮ ಕಪ್ಪನ್ನು ಮುಟ್ಟದೆ, ಆರಲು ಬಿಟ್ಟು, ಕಾಗದದ ಬಣ್ಣ ನೋಡುವ ನೆವ ಮಾಡುತ್ತಿದ್ದರು.

ಆಗ ಭಾವನ ಚಿಕ್ಕಪ್ಪ, "ಏ ಮಾರಾಯ, ನಿನ್ನ ಅಪ್ಪನ ಕಾಪಿ ಇನ್ನೊಮ್ಮೆ ಮಾಡು. ನಮ್ಮ ಅತ್ತಿಗೆ ಆವತ್ತು ನೋಡ್ಲಿಲ್ಲ" ಅಂದರು.

ಅಕ್ಕ ನನ್ನನ್ನು ನೋಡಿದಳು. ಅಪ್ಪ ನೋಡಲಿಲ್ಲ.

ನಾನು ನನ್ನ ಕಪ್ಪನ್ನು ಎತ್ತಿ, ಬಿಸಿ ಕಾಪಿಯನ್ನು ಅರ್ಧ ಸಾಸರಿಗೆ ಸುರಿದೆ. ಊದಿದೆ. ಎರಡೂ ಕೈಯಲ್ಲಿ ಹಿಡಿದು ಸೊರ್ರ್ ಅಂತ ಕುಡಿದೆ. ಗಲ್ಲ ಉಬ್ಬಿಸಲಿಲ್ಲ, ಕಣ್ಣು ತಿರುಗಿಸಲಿಲ್ಲ. ನಗಲಿಕ್ಕೆ ಬಾಯಿ ತೆರೆದ ನೆಂಟರು ಹಾಗೇ ಕಾದರು, ಮುಂದೆ ಎಂತದ್ದೋ ಉಂಟು ಅಂತ. ಮುಂದೆ ಎಂತದ್ದೂ ಇರಲಿಲ್ಲ. ಇನ್ನೊಮ್ಮೆ ಸೊರ್ರ್ ಅಂದೆ.

"ಇದು ಆಕ್ಟಿಂಗ್ ಅಲ್ಲ ಚಿಕ್ಕಪ್ಪ" ಅಂದೆ. "ನಮ್ಮ ಮನೆಯಲ್ಲಿ ಕುಡಿಯುವುದು ಹೀಗೆ. ಅಕ್ಕ ನಿಮ್ಮ ಮನೆಗೆ ಬಂದ ಮೇಲೆ ನಾವೂ ಬರ್ತೇವಲ್ಲ, ಆಗ ಸಾಸರು ಇಟ್ಟಿರಿ. ಇಲ್ಲದಿದ್ರೆ ಬರುವಾಗ ನಾವೇ ತರ್ತೇವೆ."

ಅಮ್ಮ ಬಾಗಿಲ ಬಳಿ ತಟ್ಟೆ ಹಿಡಿದೇ ನಿಂತಿದ್ದಳು. ಅಕ್ಕನ ಮುಖದಲ್ಲಿ ನನ್ನ ಶ್ರಾದ್ಧದ ದಿನ ನಿಶ್ಚಯವಾಗುತ್ತಿತ್ತು.

"ಊದಿದ್ದು ಯಾಕೆ?"

ಕೇಳಿದ್ದು ಅಪ್ಪ.

"ಎಂತ ಅಪ್ಪ?"

"ಆವತ್ತು ಮೈಕಿನಲ್ಲೂ ಊದಿದೆ, ಇವತ್ತೂ ಊದ್ತಿ. ನಾನು ಯಾವತ್ತು ಊದಿದ್ದೇನೆ? ಇಂಜಿನ್ ಆನ್ ಇದ್ದು ನಡುಗುವ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ಊದಿದ್ರೆ ಕಾಪಿ ಪ್ಯಾಸೆಂಜರ್ ಅಂಗಿ ಮೇಲೆ ಇರ್ತದೆ. ಕಂಡಕ್ಟರ್ ಊದುವುದು ವಿಶಲ್ ಮಾತ್ರ. ಕಾಪಿ ಎಳೆಯುವುದು. ಗಾಳಿ ಸಮೇತ."

ಅಪ್ಪ ತಮ್ಮ ಕಪ್ಪಿನ ಕೆಳಗಿನಿಂದ ಸಾಸರು ಎಳೆದುಕೊಂಡು, ಒಂದು ಹನಿಯೂ ಚೆಲ್ಲದೆ ಸುರಿದು, ಮೂರೇ ಬೆರಳಿನಲ್ಲಿ ಎತ್ತಿದರು. ಸೊರ್ರ್. ನನ್ನದು ಅದರ ಎದುರು ಬೆಕ್ಕು ಹಾಲು ನೆಕ್ಕಿದ ಹಾಗೆ. ಭಾವನ ಚಿಕ್ಕಪ್ಪ ತಮ್ಮ ಕಪ್ಪನ್ನು ಸುಮ್ಮನೆ ಕೆಳಗಿಟ್ಟರು.

"ಈಗ ನೀನು ಮಾಡು" ಅಂದರು ಅಪ್ಪ.

ಮಾಡಿದೆ. ಗಾಳಿ ಸಮೇತ ಎಳೆದದ್ದು ಸೀದಾ ಗಂಟಲಿಗೆ ಸಿಕ್ಕಿ, ಕೆಮ್ಮಿ, ಮದುವೆ ಕಾಗದದ ನಮೂನೆಯ ಮೇಲೆ ಮೂರು ಕಡೆ ಕಾಪಿ ಬಿತ್ತು.

"ಎರಡು ವರ್ಷ ಬೇಕು ಕಲೀಲಿಕ್ಕೆ" ಅಂತ ನನ್ನ ಕಪ್ಪಿನಲ್ಲಿ ಉಳಿದದ್ದನ್ನೂ ಅಪ್ಪ ತಮ್ಮ ಸಾಸರಿಗೇ ಸುರಿದುಕೊಂಡರು.