ಬುಧವಾರದ ಆಟಕ್ಕೆ ಮುಯ್ಯಾಳಿನ ಪಣ

ಮಂಡ್ಯಕ್ಕೆ ಬಂದ ಮೂರನೆಯ ದಿನ ಯಾರೋ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ನಮ್ಮ ಗ್ರಿಲ್ಲಿಗೆ ಹೊರಗಿನಿಂದ ಬೀಗ ಹಾಕಿರುವುದನ್ನು ನೋಡಿ, "ಯಾರೂ ಇಲ್ವಲ್ಲ" ಎಂದು ತನಗೆ ತಾನೇ ಹೇಳಿಕೊಂಡು ಇಳಿದು ಹೋದಳು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. "ನಾನಿದೀನಿ ಕಣಮ್ಮ" ಅನ್ನಲು ಬಾಯಿ ಬರಲಿಲ್ಲ.

ಮಕ್ಕಳೇ, ನಮ್ಮೂರಿನಲ್ಲಿ ಬಾಗಿಲಿಗೆ ಬೀಗ ಬಿದ್ದಿದೆ ಅಂದರೆ ಮನೆಯವರೆಲ್ಲ ಎಲ್ಲಿಗೋ ಹೋಗಿದ್ದಾರೆ ಅಂತ. ಇಲ್ಲಿ ಬೀಗ ಬಿದ್ದಿದೆ ಅಂದರೆ ಒಳಗೆ ನಾನಿದ್ದೇನೆ ಅಂತ. ನನ್ನ ಎದೆಗೆ ಸ್ಟೆಂಟು ಹಾಕಿಸಿದ ಮೇಲೆ, ದೊಡ್ಡಾಸ್ಪತ್ರೆ ಹತ್ತಿರ ಇರಲಿ ಎಂದು ನಿಮ್ಮಪ್ಪನೂ ರತ್ನತ್ತೆಯೂ ಮಾತಾಡಿಕೊಂಡು, ಹಲಗೂರಿನಲ್ಲಿ ಬಸ್ಸು ಹತ್ತಿಸಿ ನನ್ನನ್ನು ಇಲ್ಲಿಗೆ ಕರೆತಂದರು. ಮೂರು ತಿಂಗಳು ಅಂದಿದ್ದರು. ಎರಡು ವರ್ಷವಾಯಿತು. ನಿಮ್ಮತ್ತೆ, ಮಾವ ಇಬ್ಬರೂ ಒಂಬತ್ತೂವರೆಗೆ ಕಚೇರಿಗೆ ಹೊರಡುತ್ತಾರೆ. "ನಿನ್ನ ಒಳ್ಳೇದಕ್ಕೇ ಕಣವ್ವ. ಮೆಟ್ಲು ಇಳಿಯಕ್ಕೋಗಿ ತಲೆ ಸುತ್ತಿ ಬಿದ್ಗಿದ್ದೀಯ" ಎಂದು ರತ್ನ ಬೀಗ ಹಾಕುತ್ತಾಳೆ.

ಊರಿನಲ್ಲಿ ನನ್ನ ಕೈಗೆ ಬಿಡುವಿರಲಿಲ್ಲ. ಕೊಟ್ಟಿಗೆ, ಹಾಲಿನ ಡೈರಿ, ಒಲೆ, ಹಿತ್ತಲು. ಇಲ್ಲಿ ಬಟ್ಟೆಗೆ ಮಿಷನ್ನು, ಪಾತ್ರೆಗೆ ಬೆಳಿಗ್ಗೆ ಬಂದು ಹೋಗುವ ಹೆಂಗಸು. ಒಂದು ಲೋಟ ತೊಳೆಯಲು ಹೋದರೂ ರತ್ನ ಕಿತ್ತುಕೊಳ್ಳುತ್ತಾಳೆ. ಮುದ್ದೆ ಸಿಗುವುದು ಸಂಜೆ ಮಾತ್ರ, ಅದೂ ಅವಳೇ ತೊಳಸಬೇಕು. ಬಾಲ್ಕನಿಯಲ್ಲಿ ಕೂತು ಕಬ್ಬಿನ ಗಾಡಿಗಳನ್ನು ನೋಡುತ್ತಿದ್ದೆ. ಆಡುವುದು ಇಲ್ಲೂ ಕನ್ನಡವೇ. ಆದರೆ ಊರಿನಲ್ಲಿ ಬೀದಿಯಲ್ಲಿ ಹೋಗುವವರು "ಉಂಡಾ ಪುಟ್ಟತಾಯಮ್ಮ?" ಎಂದು ಕೂಗಿ ಹೋಗುತ್ತಿದ್ದರು. ಇಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ.

ಎದುರು ಮನೆಯಲ್ಲಿ ನೂರ್‌ಜಾನ್ ಇದ್ದಾಳೆ. ರವಿಕೆ ಹೊಲಿಯುತ್ತಾಳೆ, ಗಂಡ ಗಾಡಿ ರಿಪೇರಿ ಮೆಕ್ಯಾನಿಕ್ಕು. ಏನಾದರೂ ಆದರೆ ತೆಗೆಯಲಿ ಎಂದು ರತ್ನ ಇನ್ನೊಂದು ಕೀಲಿಯನ್ನು ಅವಳ ಹತ್ತಿರ ಕೊಟ್ಟಿದ್ದಳು. ಒಂದು ಬುಧವಾರ ಮಧ್ಯಾಹ್ನ ಅವಳು ಬೀಗ ತೆಗೆದೇಬಿಟ್ಟಳು.

"ಏನಾಯ್ತು?" ಅಂದೆ ಗಾಬರಿಯಾಗಿ.

"ಏನೂ ಆಗಿಲ್ಲ ದೊಡ್ಡಮ್ಮ. ಏನಾದ್ರೂ ಆದ್ರೇನೇ ತೆಗೀಬೇಕಾ? ಬನ್ನಿ ಮೇಲಕ್ಕೆ."

ಮೇಲಿನ ಮನೆ ಸರೋಜಮ್ಮ ಟೀಚರದು. ನಿವೃತ್ತರಾಗಿದ್ದಾರೆ, ಒಬ್ಬರೇ ಇದ್ದಾರೆ. ಕೆಳಗಿನ ಮನೆಯ ಭಾಗ್ಯನೂ ಬಂದಿದ್ದಳು. ಕೊಪ್ಪದ ಕಡೆಯ ಹುಡುಗಿ, ಚಪಾತಿ ಮಾಡಿ ಹೋಟೆಲುಗಳಿಗೆ ಕೊಡುತ್ತಾಳೆ. ಮೂವರ ನಡುವೆ ಚಾಪೆಯ ಮೇಲೆ ಇಸ್ಪೀಟು! ಬಾಗಿಲಲ್ಲೇ ನಿಂತೆ. ನಮ್ಮೂರಿನಲ್ಲಿ ಇಸ್ಪೀಟು ಗಂಡಸರದು, ಅದೂ ಕದ್ದು. ನಿಮ್ಮ ತಾತನಿಗಂತೂ ಅದನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ತಿರುಗಿ ಹೋದರೆ ಮತ್ತೆ ಗ್ರಿಲ್ಲಿನೊಳಗೆ ತಾನೆ? ಕೂತೆ.

ಆಟದ ಹೆಸರು ಪೋಕರ್. ಟೀಚರ್ ತಂಗಿಯ ಮನೆಗೆ ಹೋದಾಗ ಕಲಿತು ಬಂದದ್ದು. ಕೈಗೆ ಐದು ಎಲೆ. ಬೇಡವಾದದ್ದನ್ನು ಒಂದು ಸಲ ಬದಲಾಯಿಸಿಕೊಳ್ಳಬಹುದು. ಎಲೆ ಚೆನ್ನಾಗಿದ್ದರೆ ನಡುವೆ ಗುಂಡಿ ಇಡುತ್ತಾ ಹೋಗಬೇಕು, ಇಲ್ಲದಿದ್ದರೆ ಎಲೆ ಬೋರಲು ಹಾಕಿ ಹಿಂದೆ ಸರಿಯಬೇಕು. ಎಲ್ಲರೂ ಸರಿದರೆ ಉಳಿದವಳಿಗೇ ನಡುವಿನ ಗುಂಡಿಯೆಲ್ಲ, ಇಲ್ಲವೆಂದರೆ ದೊಡ್ಡ ಎಲೆ ತೋರಿಸಿದವಳಿಗೆ. ಗುಂಡಿ ಅಂದರೆ ನೂರ್‌ಜಾನಳ ಹೊಲಿಗೆ ಡಬ್ಬಿಯ ಅಂಗಿ ಗುಂಡಿಗಳು, ತಲಾ ಮೂವತ್ತು. ಒಳಗಿರುವುದು ಮುಖದಲ್ಲಿ ಕಾಣಬಾರದು ಅಂದರು ಟೀಚರ್. ಅದೊಂದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ನಾಲ್ಕು ಬುಧವಾರ ಸುಮ್ಮನೆ ಆಡಿದೆವು. ಐದನೆಯದಕ್ಕೆ ಟೀಚರ್ ಅಂದರು, "ಪಣ ಇಲ್ದೆ ಯಾರೂ ಮನಸ್ಸಿಟ್ಟು ಆಡ್ತಿಲ್ಲ. ತಲಾ ನೂರು ರೂಪಾಯಿ ಇಡೋಣ."

"ನಿಮ್ಗೇನ್ ಟೀಚರಮ್ಮ, ಪಿಂಚಣಿ ಬತ್ತದೆ. ನೂರು ರೂಪಾಯ್ಗೆ ನಾನೆಷ್ಟು ಚಪಾತಿ ಒತ್ಬೇಕು ಗೊತ್ತಾ?" ಅಂದಳು ಭಾಗ್ಯ.

"ಸರಿ, ಹತ್ತು ರೂಪಾಯಿ."

"ಹತ್ತು ರೂಪಾಯಿ ಗೆಲ್ಲಕ್ಕೆ ಒಲೆ ಆರ್ಸಿ ಬರ್ಲಾ?"

"ದುಡ್ಡು ಎಷ್ಟಾದ್ರೂ ನಾನು ಕೂರಲ್ಲ. ದುಡ್ಡಿಟ್ಟು ಆಡೋದು ನಮ್ಮಲ್ಲಿ ಸಲ್ಲ" ಎಂದು ನೂರ್‌ಜಾನ್ ಎಲೆ ಕೆಳಗಿಟ್ಟಳು.

ನಾನು ದುಡ್ಡಿಗೆ ರತ್ನನನ್ನು ಕೇಳಬೇಕು. ಏನೆಂದು ಕೇಳಲಿ? ಮೂವರೂ ಮುಖ ಗಂಟಿಕ್ಕಿ ಕೂತರು. ಆಟ ಮುರಿದರೆ ಬುಧವಾರ ನನ್ನ ಬೀಗ ತೆಗೆಯುವವರು ಯಾರು? ಆ ಭಯಕ್ಕೇ ಬಾಯಿ ಬಂತು.

"ಮುಯ್ಯಾಳು ಇಟ್ರೆ ಆಗಲ್ವಾ?"

ನಾಟಿ ಮಿಷನ್ನು ನೋಡಿ ಬೆಳೆದ ನಿಮಗೆ ಮುಯ್ಯಾಳು ಗೊತ್ತಿರಲಾರದು. ಇವತ್ತು ನಾನು ನಿನ್ನ ಗದ್ದೆಗೆ ಬಂದು ನಾಟಿ ಹಾಕುತ್ತೇನೆ, ನಾಳೆ ನೀನು ನನ್ನ ಗದ್ದೆಗೆ ಬರುತ್ತೀಯ. ಕೂಲಿ ಇಲ್ಲ. ಒಂದು ದಿನಕ್ಕೆ ಒಂದು ದಿನ. ಹತ್ತೆಕರೆಯವರದೂ ಅರ್ಧ ಎಕರೆಯವರದೂ ದಿನ ಒಂದೇ ಉದ್ದ.

ಟೀಚರ್ ಮುಖ ಅರಳಿತು. ಒಂದು ನೋಟ್‌ಬುಕ್ಕಿನಲ್ಲಿ ಕಾನೂನು ಬರೆದರು. ತಲಾ ಒಂದು ಗಂಟೆ ಕೆಲಸ ಪಣ. ಹೆಚ್ಚು ಗುಂಡಿ ಉಳಿಸಿಕೊಂಡವಳ ಮನೆಗೆ ಕೊನೆಯ ಇಬ್ಬರು ಹೋಗಿ ಒಂದೊಂದು ಗಂಟೆ ದುಡಿಯಬೇಕು. ಎರಡನೆಯವಳ ಗಂಟೆ ಅವಳಿಗೇ ವಾಪಸ್ಸು. ಇಲ್ಲದಿದ್ದರೆ ಮೊದಲು ಬಂದವಳನ್ನು ಬಿಟ್ಟು ಉಳಿದವರಿಗೆ ಬೇಜಾರಾಗುತ್ತದೆ ಅಂದರು. ಗುಂಡಿ ಮುಗಿದರೆ ಇನ್ನೊಂದು ಗಂಟೆ ಒತ್ತೆಯಿಟ್ಟು ಒಂದೇ ಸಲ ಮತ್ತೆ ತೆಗೆದುಕೊಳ್ಳಬಹುದು. ರೋಷಕ್ಕೆ ಬಿದ್ದು ವಾರವಿಡೀ ಜೀತ ಮಾಡುವಂತಾಗಬಾರದು.

ಮೊದಲ ವಾರ ನಿಜವಾಗಿಯೇ ಸೋತು ಭಾಗ್ಯನ ಮನೆಗೆ ಹೋದೆ. ಹಿಟ್ಟಿಗೆ ಕೈ ಹಾಕಿದಾಗ, ಮಕ್ಕಳೇ, ಹೇಗಾಯಿತೆಂದು ಹೇಳಲಾರೆ. "ಬಿರ್ನೆ ಒತ್ತಜ್ಜಿ, ಆಟೋ ಬತ್ತದೆ" ಎಂದು ಭಾಗ್ಯ ನನ್ನನ್ನು ಗದರಿದಳು. ಎಷ್ಟು ದಿನವಾಗಿತ್ತು ಯಾರಾದರೂ ನನಗೆ ಕೆಲಸ ಹೇಳಿ!

ಆಮೇಲೆ ಬೇಕೆಂದೇ ಸೋಲತೊಡಗಿದೆ. ಗೆದ್ದರೆ ಅವರು ನಮ್ಮ ಮನೆಗೆ ಬರುತ್ತಾರೆ. ಸೋತರೆ ನಾನು ಹೊರಗೆ ಹೋಗುತ್ತೇನೆ. ನೂರ್‌ಜಾನಳ ರವಿಕೆಗಳಿಗೆ ಹುಕ್ಕು ಹೊಲಿದೆ, ಟೀಚರ್ ಮನೆಯ ಪುಸ್ತಕದ ಧೂಳು ಕೊಡವಿದೆ. ನಾಲ್ಕನೆಯ ವಾರ ನಾನು ಬೋರಲು ಹಾಕಿದ ಎಲೆಗಳನ್ನು ಕಲಸುವಾಗ ನೂರ್‌ಜಾನ್ ತಿರುಗಿಸಿ ನೋಡಿಬಿಟ್ಟಳು.

"ಮೂರು ಎಕ್ಕ! ಮೂರು ಎಕ್ಕ ಇಟ್ಕೊಂಡು ಯಾರಾದ್ರೂ ಬಿಡ್ತಾರಾ ದೊಡ್ಡಮ್ಮ?"

ಟೀಚರ್ ಕನ್ನಡಕ ತೆಗೆದರು. "ಅಂದ್ರೆ ಹೋದ ವಾರ ನಾನು ಗೆದ್ದೆ ಅಂತ ಮೆರೆದಿದ್ದು? ಅದು ನಿನ್ನ ಭಿಕ್ಷೆನಾ ಪುಟ್ಟತಾಯಮ್ಮ?"

"ಅಯ್ಯೋ, ಇದೇನಜ್ಜಿ ಮೋಸ! ಸೋಲಕ್ಕೂ ಮೋಸ ಮಾಡ್ತಾರಾ?" ಅಂದಳು ಭಾಗ್ಯ.

ತಲೆ ತಗ್ಗಿಸಿ ಇದ್ದದ್ದನ್ನು ಹೇಳಿದೆ. ಟೀಚರ್ ನೋಟ್‌ಬುಕ್ಕು ತೆರೆದರು. "ಪಣ ಅಂದ್ರೆ ಎಲ್ಲರಿಗೂ ಒಂದೇ ಥರ ಚುಚ್ಚಬೇಕು. ನಮಗೆ ಶಿಕ್ಷೆ ಆಗಿರೋದು ಇವಳಿಗೆ ಬಹುಮಾನ. ಇದು ಸರಿ ಹೋಗಲ್ಲ" ಎಂದು ನನಗೊಬ್ಬಳಿಗೇ ಬೇರೆ ಕಾನೂನು ಬರೆದರು. ನಾನು ಸೋತರೆ ಎಲ್ಲಿಗೂ ಹೋಗುವಂತಿಲ್ಲ, ಆ ಗಂಟೆ ಬೀಗದೊಳಗೇ ಕಳೆಯಬೇಕು. ಗೆದ್ದರೆ ಕೊನೆಯ ಇಬ್ಬರಿಂದ ಯಾವ ಕೆಲಸ ಬೇಕಾದರೂ ಕೇಳಬಹುದು.

ಅವತ್ತಿನಿಂದ ನಾನು ಆಡಿದ ಆಟವೇ ಬೇರೆ. ಎರಡು ವಾರ ಸೋತು ಒಳಗೆ ಕೂತೆ. ಮೂರನೆಯ ವಾರ, ಕೈಯಲ್ಲಿ ಎರಡು ಗುಲಾಮ ಬಿಟ್ಟರೆ ಏನೂ ಇಲ್ಲದೆ, ಮುಖ ಅಲ್ಲಾಡಿಸದೆ ಗುಂಡಿ ಇಡುತ್ತಾ ಹೋದೆ. ಎಲ್ಲರೂ ಹೆದರಿ ಸರಿದರು, ನಾನು ಗೆದ್ದೆ. ಟೀಚರ್ ಮೂರನೆಯವರಾದರು, ಭಾಗ್ಯ ಕೊನೆ.

"ಹೇಳು, ಏನ್ ಕೆಲಸ?" ಅಂದರು ಟೀಚರ್.

"ನನ್ನ ಮಗಳತ್ರ ಮಾತಾಡಿ. ಬೀಗ ಬುಡ್ಸಿ."

ನೂರ್‌ಜಾನ್ ಬೆಚ್ಚಿದಳು. ರತ್ನನಿಗೆ ಈ ಬುಧವಾರಗಳ ವಿಷಯವೇ ಗೊತ್ತಿರಲಿಲ್ಲ. ಗೊತ್ತಾದರೆ ಇರುವ ಕೀಲಿಯನ್ನೂ ಕಿತ್ತುಕೊಳ್ಳಬಹುದು. ಅದು ನನಗೂ ತಿಳಿದಿತ್ತು.

ಭಾನುವಾರ ಬೆಳಿಗ್ಗೆ ಸೋತ ಇಬ್ಬರೂ ಬಂದು ಕೂತರು. ಟೀಚರ್ ಎಲ್ಲವನ್ನೂ ಪಾಠದ ಹಾಗೆ ಬಿಡಿಸಿ ಹೇಳಿದರು. ರತ್ನನ ಮುಖ ಕೆಂಪಾಯಿತು.

"ಅವ್ವ, ಇಸ್ಪೀಟಾಡ್ತೀಯಾ ನೀನು? ಇನ್ನೊಬ್ರ ಮನೆ ಚಪಾತಿ ಒತ್ತೋಕೆ ಓಗಿದ್ಯಾ? ನೂರ್‌ಜಾನ್‌ಗೆ ಕೀ ಕೊಟ್ಟಿದ್ದು ಇದಕ್ಕಾ?"

"ಬಯ್ಯೋದಾದ್ರೆ ನಂಗ್ ಬಯ್ಯಿ ಕಣಕ್ಕ. ಆದ್ರೆ ನಿಮ್ಮವ್ವ ಒತ್ತಿದ್ದು ನಂದ್ಕಿಂತ ಗುಂಡಗಿತ್ತು" ಅಂದಳು ಭಾಗ್ಯ.

ರತ್ನ ನಗಲಿಲ್ಲ. "ಅವತ್ತು ಆಸ್ಪತ್ರೆ ವರಾಂಡದಲ್ಲಿ ಕೂತಿದ್ದೋಳು ನಾನು. ನೀವ್ಯಾರೂ ಅಲ್ಲ" ಅಂದಳು. ದಿನಾ ಬೀಗ ಹಾಕಿದ ಮೇಲೆ ಅವಳು ಎರಡು ಸಲ ಎಳೆದು ನೋಡುತ್ತಾಳೆ, ಕೆಳಗಿಳಿದು ಬಾಲ್ಕನಿಯ ಕಡೆ ಒಂದು ಸಲ ನೋಡಿ ಹೋಗುತ್ತಾಳೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗುವುದಿಲ್ಲ. ಅದೇ ದೊಡ್ಡ ಕಷ್ಟ.

ಗಂಟೆ ಮುಗಿದು ಅವರು ಹೊರಟ ಮೇಲೆ ರತ್ನ ಅಂದಳು, "ಬುಧವಾರ ಮಾತ್ರ. ಮೆಟ್ಲಲ್ಲಿ ಯಾರಾದ್ರೂ ಕೈ ಇಡ್ಕೊಂಡಿರ್ಬೇಕು."

ಏಳರಲ್ಲಿ ಒಂದು ದಿನ ಗೆದ್ದೆ. ಉಳಿದ ದಿನಗಳಿಗೆ ಬೀಗ ಹಾಗೇ ಇದೆ.

ಹೋದ ತಿಂಗಳು ತಾತನ ತಿಥಿಗೆ ಊರಿಗೆ ಬಂದಿದ್ದೆನಲ್ಲ. ಬಾಗಿಲುಗಳೆಲ್ಲ ತೆರೆದೇ ಇದ್ದವು. ಹಾಲಿನ ಕ್ಯಾನಿಗೆ ಕೈ ಹಾಕಿದರೆ ನಿಮ್ಮಮ್ಮ, "ನೀವು ಸುಮ್ನೆ ಕೂತ್ಕೊಳಿ ಅತ್ತೆ, ಬಂದಿರೋದೇ ನಾಕ್ ದಿನ" ಅಂದಳು. ಜಗಲಿಯ ಮೇಲೆ ಕೂತೆ. ಬಂದವರು ಹೋದವರು ನನ್ನನ್ನು ನೆಂಟರ ಹಾಗೆ ಮಾತಾಡಿಸಿದರು. ಆಗ ಚಿನ್ನಿ, ನೀನು ಬಂದು ತೊಡೆಯ ಮೇಲೆ ಕೂತು ಕೇಳಿದೆ: "ಅಜ್ಜಿ, ನಿಮ್ಮನೆಗೆ ಯಾವಾಗ ಓಯ್ತೀಯ?"

ಇದೇ ಕಣೆ ನನ್ನ ಮನೆ ಅನ್ನಬೇಕಾಗಿತ್ತು. ಬಾಯಿಗೆ ಬಂದದ್ದು, "ಬುಧವಾರದೊಳಗೆ ಓಗ್ಬೇಕು ಮಗ."

ನೀನು ಎದ್ದು ಹೋದೆ. ಬಸ್ಸು ಬರುವ ತನಕ ನನ್ನ ಜೊತೆ ಮಾತಾಡಲಿಲ್ಲ. ಬುಧವಾರ ಏನಿದೆ ಎಂದು ಅವತ್ತು ಜಗಲಿಯ ಮೇಲೆ ಹೇಳಲು ನನಗೆ ನಾಚಿಕೆಯಾಯಿತು. ಅದಕ್ಕೇ ಇಷ್ಟು ಬರೆದೆ.