ದಾವಲಸಾಬರು ಕಟ್ಟಿದ ಜಿಗ್

ಕೈಕೆಳಗೆ ಹಲಗೆ ಇದ್ದಾಗ ದಾವಲಸಾಬರು ಯಾರು ಬಂದರೂ ಎದ್ದು ನಿಲ್ಲುತ್ತಿರಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು ಮೊದಲ ಸಲ ಮರಗೆಲಸದ ಕೋಣೆಗೆ ಬಂದ ದಿನ ನಾವೆಲ್ಲ ಸಾಲಾಗಿ ನಿಂತಿದ್ದೆವು. ಇವರು ಮಾತ್ರ ಎರಡು ಹಲಗೆಗಳ ಕೂಡಿಕೆಯನ್ನು ಅಂಗೈಯಿಂದ ಒತ್ತಿ ಹಿಡಿದು ಕೂತಲ್ಲಿಂದಲೇ, ಹಿಂದಿ ಬಂಗಾಳಿ ಬೆರೆಸಿದ ತಮ್ಮದೇ ಭಾಷೆಯಲ್ಲಿ, “ಸರ್, ಈಗ ಕೈ ತೆಗೆದರೆ ಅಂಟು ಬಿಡುತ್ತದೆ. ಹತ್ತು ನಿಮಿಷ ಬಿಟ್ಟು ನಮಸ್ಕಾರ ಮಾಡುತ್ತೇನೆ” ಎಂದರು. ಹತ್ತು ನಿಮಿಷ ಬಿಟ್ಟು ಮುಖ್ಯಸ್ಥರ ಕೋಣೆಗೇ ಹೋಗಿ ನಮಸ್ಕಾರ ಮಾಡಿಯೂ ಬಂದರು.

ಊರು ಹುಬ್ಬಳ್ಳಿ. ಎರಕದ ಅಚ್ಚುಗಳಿಗೆ ಬೇಕಾದ ಮರದ ಮಾದರಿಗಳನ್ನು ರೈಲ್ವೆ ಕಾರ್ಖಾನೆಯಲ್ಲಿ ಕೆತ್ತುತ್ತಿದ್ದವರು. ವರ್ಗವಾಗಿ ಕೋಲ್ಕತ್ತಕ್ಕೆ ಬಂದು, ನಿವೃತ್ತರಾಗಿ, ಕಸ್ಬಾದ ಒಂದು ಓಣಿಯಲ್ಲಿ ಮಗಳ ಮನೆಯಲ್ಲಿ ಉಳಿದುಬಿಟ್ಟಿದ್ದರು. ನಮ್ಮ ವಿಶ್ವವಿದ್ಯಾಲಯದಲ್ಲಿ ಅವರದು ವರ್ಷ ವರ್ಷ ನವೀಕರಿಸುವ ಗುತ್ತಿಗೆ ಕೆಲಸ. ಸಂಶೋಧನಾ ಸಹಾಯಕಿಯಾಗಿ ಸೇರಿದ್ದ ನನ್ನದೂ ಅಂಥದ್ದೇ. ಮೈಸೂರಿನಲ್ಲಿದ್ದ ಅಮ್ಮನ ಜೊತೆ ನಾನು ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು, “ಅಕ್ಕಾರ, ನೀವು ನಮ್ಮ ಕಡಿಯವರೇನ್ರಿ!” ಎಂದು ಕೂಗಿದ್ದೇ ನಮ್ಮ ಪರಿಚಯ. ಮೊಮ್ಮಕ್ಕಳು ಅವರ ಕನ್ನಡಕ್ಕೆ ಬಂಗಾಳಿಯಲ್ಲಿ ಉತ್ತರ ಕೊಡುತ್ತಿದ್ದವಂತೆ. ಹಾಗಾಗಿ ಎಷ್ಟೋ ವರ್ಷದ ಮಾತು ನನ್ನ ಪಾಲಿಗೆ ಬಂತು. ಮಧ್ಯಾಹ್ನ ಸಾಸಿವೆ ಎಣ್ಣೆ ಹಾಕಿದ ಮುರಿ, ಅಂದರೆ ಇಲ್ಲಿಯ ಮಂಡಕ್ಕಿ, ತಿನ್ನುತ್ತ, “ಇದಕ್ಕ ಚುರಮುರಿ ಅಂತಾರೇನ್ರಿ? ಹೊಟ್ಟಿಗೆ ಗಾಳಿ ತುಂಬಿಸಿಧಂಗ ಆಗತೈತಿ” ಎಂದು ಬೈಯುತ್ತಲೇ ಪೊಟ್ಟಣ ಖಾಲಿ ಮಾಡುತ್ತಿದ್ದರು.

ನನ್ನ ಕೆಲಸ ಕಣ್ಣು ಕಾಣದ ಮಕ್ಕಳ ಶಾಲೆಯೊಂದಕ್ಕೆ ರೇಖಾಗಣಿತದ ಆಕೃತಿಗಳನ್ನು ಮರದಲ್ಲಿ ಉಬ್ಬಾಗಿ ಕೆತ್ತಿಸಿ ಕೊಡುವುದು. ಬೆರಳಾಡಿಸಿ ತ್ರಿಕೋನ, ವೃತ್ತ ತಿಳಿಯುವಂಥ ಗೇಣುದ್ದದ ಹಲಗೆಗಳು. ಅದಕ್ಕಾಗಿ ಕೆತ್ತನೆಯ ಯಂತ್ರವೊಂದನ್ನು ತರಿಸಿದ್ದರು. ಯಂತ್ರದೊಳಗೆ ಎರಡು ರಬ್ಬರ್ ಉರುಳೆಗಳು ಹಲಗೆಯನ್ನು ಒತ್ತಿ ಹಿಡಿದು ಹಿಂದೆ ಮುಂದೆ ಓಡಿಸುತ್ತವೆ. ಮೇಲಿನಿಂದ ಚೂಪು ಮೊನೆ ತಿರುಗುತ್ತ ಕೆತ್ತುತ್ತದೆ. ತೊಂದರೆಯೆಂದರೆ, ಉರುಳೆಗಳಿಗೆ ಉದ್ದದ ಹಲಗೆಯೇ ಬೇಕು. ಗೇಣುದ್ದದ ತುಂಡು ಹಾಕಿದರೆ ಒಂದು ಉರುಳೆ ದಾಟುತ್ತಲೇ ಜಾರುತ್ತಿತ್ತು. ವೃತ್ತ ಮೊಟ್ಟೆಯಾಗುತ್ತಿತ್ತು. ಯಂತ್ರ ಮಾರಿದವರ ಕಡೆಯ ಎಂಜಿನಿಯರ್ ಬಂದು, ಸಣ್ಣ ಹಲಗೆ ಹಾಕಲೇಬಾರದು ಎಂದು ಪುಸ್ತಕದಲ್ಲಿದೆ ಎಂದು ತೋರಿಸಿ ಹೋದ.

“ಪುಸ್ತಕ ಬರದಾವ ನಮ್ಮ ಹಲಗಿ ನೋಡ್ಯಾನೇನ್ರಿ?” ಎಂದರು ದಾವಲಸಾಬರು. “ಉರುಳಿಗೆ ಉದ್ದ ಬೇಕು. ಉದ್ದ ಕೊಡೂಣು. ಹಲಗಿನ ಯಾಕ ಉದ್ದ ಇರಬೇಕು?”

ಹೀಗೆ ಜಿಗ್, ಅಂದರೆ ಹಲಗೆಯನ್ನು ಹಿಡಿದಿಡುವ ಚೌಕಟ್ಟು, ಶುರುವಾಯಿತು. ಎರಡು ಉದ್ದನೆಯ ಪಟ್ಟಿ, ನಡುವೆ ನಮ್ಮ ಸಣ್ಣ ಹಲಗೆ. ಉರುಳೆಗಳು ಪಟ್ಟಿಗಳನ್ನು ಹಿಡಿದುಕೊಂಡು ಓಡುತ್ತವೆ, ಹಲಗೆ ಅವುಗಳ ಜೊತೆ ಸುಮ್ಮನೆ ಸವಾರಿ ಮಾಡುತ್ತದೆ. ಮೊದಲನೆಯದರಲ್ಲಿ ಪಕ್ಕದಿಂದ ಸ್ಕ್ರೂ ಬಿಗಿದಿದ್ದರು. ಹಲಗೆ ಸೀಳಿ, ಚೂರು ಹಾರಿ, ಕೆತ್ತುವ ಮೊನೆ ಮುರಿಯಿತು. ಮುಖ್ಯಸ್ಥರು ಇನ್ನು ಈ ಹುಚ್ಚಾಟ ಬೇಡವೆಂದು ಯಂತ್ರದ ಬೀಗದ ಕೈ ತಮ್ಮ ಮೇಜಿನಲ್ಲಿಟ್ಟುಕೊಂಡರು. ದಾವಲಸಾಬರು ಯಂತ್ರವಿಲ್ಲದೆಯೇ ಕೆಲಸ ಮುಂದುವರಿಸಿದರು. ಎರಡನೆಯದಕ್ಕೆ ಸ್ಕ್ರೂ ತೆಗೆದು ಮರದ ಬೆಣೆ ಹಾಕಿದರು. ಯಂತ್ರ ತಳ್ಳಿದಷ್ಟೂ ಬೆಣೆ ಬಿಗಿಯಾಗಬೇಕು. ಉರುಳೆಯ ಬದಲು ತಮ್ಮ ಮೊಣಕೈಯಿಂದಲೇ ಒತ್ತಿ ತಳ್ಳಿ ನೋಡಿದರು. ದಿನಾ ಬೆಳಿಗ್ಗೆ ಅದನ್ನು ಕಂಕುಳಲ್ಲಿಟ್ಟುಕೊಂಡು ಮುಖ್ಯಸ್ಥರ ಬಾಗಿಲಲ್ಲಿ ನಿಂತು “ಚಾಬಿ, ಸರ್” ಎನ್ನುತ್ತಿದ್ದರು. ಹದಿನೈದು ದಿನಕ್ಕೆ ಚಾಬಿ ಸಿಕ್ಕಿತು.

ಬೆಣೆ ನಿಂತಿತು. ಆದರೆ ಮಳೆಗಾಲ ಬಂತು. ಇಲ್ಲಿಯ ಹವೆಗೆ ಒಂದು ಪಟ್ಟಿ ಹೆಚ್ಚು ಉಬ್ಬಿ, ಕೆತ್ತನೆ ಒಂದು ಕಡೆ ಆಳವಾಗಿ, ಇನ್ನೊಂದು ಕಡೆ ತೆಳುವಾಯಿತು. ಸಾಬರು ಮೂರು ದಿನ ಪಟ್ಟಿಗಳನ್ನು ಬಿಚ್ಚಿ ಅಳೆಯುತ್ತ ಕೂತರು. ನಾಲ್ಕನೆಯ ದಿನ ಹಳೆಯ ಸಾಗವಾನಿಯ ಒಂದು ಹಲಗೆಯನ್ನು ಉದ್ದಕ್ಕೆ ಸೀಳಿ ಎರಡೂ ಬದಿಗೆ ಹಾಕಿದರು. “ಒಂದಽ ಮರದಾಗಿಂದ ಬಂದಾವು. ಉಬ್ಬಿದ್ರ ಕೂಡೇ ಉಬ್ಬತಾವು, ಒಣಗಿದ್ರ ಕೂಡೇ ಒಣಗತಾವು.” ಆ ವಾರ ಎಂಬತ್ತು ಹಲಗೆ ಕೆತ್ತಿದೆವು. ಒಂದು ವೃತ್ತವೂ ಮೊಟ್ಟೆಯಾಗಲಿಲ್ಲ.

ಇನ್ನು ನಾನು ಹೇಳಲು ಹಿಂಜರಿಯುವ ಸಂಗತಿ. ಚಳಿಗಾಲದಲ್ಲಿ ವಿಭಾಗದ ಪ್ರದರ್ಶನವಿತ್ತು. ಜಿಗ್ಗಿನ ಪಕ್ಕ ನಿಲ್ಲಿಸುವ ಫಲಕದಲ್ಲಿ ವಿನ್ಯಾಸ ಮಾಡಿದವರೆಂದು ಮುಖ್ಯಸ್ಥರ ಹೆಸರು, ಅದರ ಕೆಳಗೆ ನನ್ನ ಹೆಸರು ಇತ್ತು. ಹಿಂದಿನ ದಿನವೇ ನೋಡಿದೆ. “ಸರ್, ದಾವಲಸಾಬರದು?” ಎಂದು ಕೇಳಿದೆ. “ಗುತ್ತಿಗೆಯವರ ಹೆಸರು ಹಾಕುವ ಪದ್ಧತಿ ಇಲ್ಲ” ಎಂದರು. ನಾನೂ ಗುತ್ತಿಗೆಯವಳೇ ಎಂದು ಬಾಯಿಗೆ ಬಂತು, ನುಂಗಿಕೊಂಡೆ. ನವೀಕರಣದ ಕಾಗದ ಅವರ ಸಹಿಗೆ ಕಾದಿತ್ತು.

ಮರುದಿನ ದಾವಲಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಬೆರಳಿಟ್ಟು ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಫಲಕ ಓದಿದರು. ಮತ್ತೊಮ್ಮೆ ಓದಿದರು.

“ನಿಮ್ಮ ಹೆಸರು ಚೆಂದ ಛಾಪಿಸ್ಯಾರ್ರಿ, ಅಕ್ಕಾರ” ಎಂದರು.

ಅವರು ಕಿವಿಯ ಹಿಂದಿದ್ದ ಬಡಗಿ ಪೆನ್ಸಿಲ್ ತೆಗೆದು, ಫಲಕದ ಖಾಲಿ ಜಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದರು: ‘ಇದನ್ನ ಮಾಡಿದಾವ ದಾವಲಸಾಬ, ಹುಬ್ಬಳ್ಳಿ.’ ಬರೆದು ಅದರ ಪಕ್ಕದಲ್ಲೇ ನಿಂತರು. ಒಳಗಿನ ಕೋಣೆಗೆ ಹೋಗು ಎಂದು ಗುಮಾಸ್ತ ಬಂದು ಹೇಳಿದ. “ಹೋಗಂಗಿಲ್ಲ” ಎಂದರು, ಕನ್ನಡದಲ್ಲೇ.

ಅತಿಥಿಗಳು ಬಂದಾಗ ಹಿರಿಯ ಹೆಂಗಸೊಬ್ಬರು ಆ ಬರಹ ನೋಡಿ ಇದೇನೆಂದು ಕೇಳಿದರು. ಮುಖ್ಯಸ್ಥರು ನನ್ನ ಕಡೆ ತಿರುಗಿ, “ನಿಮ್ಮ ಭಾಷೆಯಲ್ಲವೆ? ಏನು ಬರೆದಿದೆ?” ಎಂದರು. ಅಲ್ಲಿ ಕನ್ನಡ ಓದಬಲ್ಲವರು ನಾನು, ದಾವಲಸಾಬರು ಇಬ್ಬರೇ. ಯಂತ್ರದ ಹೆಸರು ಎಂದು ಹೇಳಿದ್ದರೂ ನಡೆದುಹೋಗುತ್ತಿತ್ತು. ದಾವಲಸಾಬರು ನನ್ನನ್ನೇ ನೋಡುತ್ತಿದ್ದರು. ಬೇಡುವ ನೋಟವಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಆ ಹೆಂಗಸು ಮುಖ್ಯಸ್ಥರನ್ನು ಬಿಟ್ಟು ಸಾಬರ ಬಳಿ ಹೋಗಿ, ಈ ಬೆಣೆ ಓರೆಯಾಗಿ ಯಾಕಿದೆ ಎಂದು ಕೇಳಿದರು. ಅರ್ಧ ಗಂಟೆ ಅವರಿಬ್ಬರೂ ಜಿಗ್ಗಿನ ಮೇಲೆ ಬಾಗಿಕೊಂಡಿದ್ದರು.

ಏಪ್ರಿಲಿನಲ್ಲಿ ನನ್ನ ಗುತ್ತಿಗೆ ಮುಂದುವರಿಯಿತು. ಅವರದು ಆಗಲಿಲ್ಲ.

ಜೂನಿನಲ್ಲಿ ಕಸ್ಬಾಕ್ಕೆ ಹೋದೆ. ಓಣಿಯ ಬಡಗಿಯೊಬ್ಬ ಅಂಥದ್ದೇ ಯಂತ್ರ ಕೊಂಡಿದ್ದ; ಸಾಬರು ಅವನ ಅಂಗಡಿಯಲ್ಲಿ ಕೂತು ಹೊಸ ಜಿಗ್ ಕಟ್ಟುತ್ತಿದ್ದರು. ಶಾಲೆಯವರು ಹಲಗೆಗಳನ್ನು ನೇರವಾಗಿ ಅವರಿಂದಲೇ ತರಿಸಿಕೊಳ್ಳತೊಡಗಿದ್ದರು. “ನಿಮ್ಮಲ್ಲಿರೋ ಜಿಗ್ಗಿನ್ಯಾಗ ನಾಕು ತಪ್ಪು ಅದಾವು. ಇರಲಿ, ನಿಮ್ಮ ಸಾಹೇಬ್ರ ಹೆಸರಿನ್ಯಾಗ ಇರಲಿ” ಎಂದು ನಕ್ಕರು.

ನಾನು ಕ್ಷಮೆ ಕೇಳಿದೆ. ಅವರು ನಗು ನಿಲ್ಲಿಸಿದರು.

“ಅವತ್ತ ಓದಿ ಹೇಳಿದ್ರಿ, ಬರೋಬರಿ ಆತು. ಹಿಂದಿನ ದಿನ ಯಾಕ ಸುಮ್ಮನಾದ್ರಿ?”

“ಹೆದರಿಕೆ ಆಯ್ತು, ಸಾಬ್ರೇ.”

“ಹೆದರಿಕಿ ನನಗಿರಲಿಲ್ಲೇನ್ರಿ? ಮಗಳ ಮನ್ಯಾಗ ಇರಾಂವ ನಾನು.” ಆಮೇಲೆ ಪಟ್ಟಿಯ ಒಂದು ತುದಿಯನ್ನು ನನ್ನ ಕಡೆ ತಳ್ಳಿ, “ಹಿಡೀರಿ ಇದನ್ನ, ಅಳಗಾಡಸಬ್ಯಾಡ್ರಿ” ಎಂದರು. ಮಧ್ಯಾಹ್ನದವರೆಗೂ ಹಿಡಿದುಕೊಂಡಿದ್ದೆ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ದುರ್ಗಾ ಪೂಜೆಯ ರಜೆಗೆ ನಾನು ಮೈಸೂರಿನಲ್ಲಿದ್ದಾಗ ಅವರ ಮಗಳು ಫೋನು ಮಾಡಿ, ಅಪ್ಪ ಹೋದರು ಎಂದಳು. ನಿದ್ದೆಯಲ್ಲಿ ಎದೆ ನಿಂತಿತ್ತಂತೆ. ಮಣ್ಣಿಗೆ ನಾನು ಇರಲಿಲ್ಲ.

ಈಗ ಆ ಕೆಲಸದ ಬಗ್ಗೆ ಪ್ರಬಂಧವೊಂದು ಮುಖ್ಯಸ್ಥರ ಸಹಿಯಾಗಿ ಸಂಶೋಧನಾ ಪತ್ರಿಕೆಗೆ ಹೋಗಬೇಕಿದೆ. ಮೊದಲ ಹೆಸರು ದಾವಲಸಾಬರದೆಂದು ಬರೆದು ಕಳಿಸಿದೆ. ಮುಖ್ಯಸ್ಥರು ಕೆಂಪು ಗೆರೆ ಎಳೆದು ವಾಪಸ್ ಮಾಡಿದರು. ಮತ್ತೆ ಬರೆದೆ. ಕರೆಸಿದರು.

“ಮನುಷ್ಯನೇ ಇಲ್ಲ. ಇನ್ನು ಹೆಸರಿನಿಂದ ಯಾರಿಗೇನು? ಏಪ್ರಿಲ್ ಹತ್ತಿರ ಬಂತು, ನೆನಪಿದೆಯಲ್ಲ?”

“ನೆನಪಿದೆ ಸರ್. ಹೆಸರು ತೆಗೆಯುವುದಿಲ್ಲ.”

ಪ್ರಬಂಧ ಇನ್ನೂ ಅವರ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿದೆ. ಪ್ರತಿ ಸೋಮವಾರ ಹೋಗಿ ಕೇಳುತ್ತೇನೆ.