ಹೋಮ್ ಥಿಯೇಟರಿಗೆ ಹಿಡಿದ ಅಳತೆ

ಜೇವರ್ಗಿಯಲ್ಲಿರುವ ನನ್ನ ತಂಗಿಯ ಮನೆಗೆ ಹೊಸ ಹೋಮ್ ಥಿಯೇಟರ್ ಬಂದಿದೆ ಎಂದು ತಿಳಿದಾಗ ನಾನೂ ನಮ್ಮ ಯಜಮಾನರೂ ಆಳಂದದಿಂದ ನೋಡಲು ಹೋದೆವು. ತಂಗಿಯ ಗಂಡನಿಗೆ ಗೊಬ್ಬರದ ಅಂಗಡಿ ಇದೆ. ಯಾವ ಸಾಮಾನನ್ನೂ ಆತ ತೂಕ ನೋಡಿಯೇ ಮೆಚ್ಚುವುದು. ಟಿವಿಯ ಎರಡೂ ಕಡೆ ಎದೆಮಟ್ಟದ ಸ್ಪೀಕರುಗಳು, ಮೂಲೆಯಲ್ಲಿ ಹಿಟ್ಟಿನ ಡಬ್ಬಿಯಷ್ಟು ದೊಡ್ಡ ಬಾಸ್ ಪೆಟ್ಟಿಗೆ. ಹಚ್ಚಿದ ಕೂಡಲೇ ಅಡುಗೆಮನೆಯಲ್ಲಿದ್ದ ಸ್ಟೀಲ್ ತಾಟುಗಳು ಒಂದಕ್ಕೊಂದು ತಾಕಿ ನಡುಗಿದವು.

“ದಮ್ ಹ್ಯಾಂಗದ್ರಿ ಅಣ್ಣಾರ? ಎದಿಗಿ ಬಡೀತದಿಲ್ಲೋ?” ಎಂದು ಆತ ನಮ್ಮ ಯಜಮಾನರನ್ನು ಕೇಳಿದ.

“ಬಡೀತದ್ರಿ,” ಅಂದರು ಯಜಮಾನರು.

ಹಾಕಿದ್ದು ನಗೆಯ ಸಿನಿಮಾ. ನಾವೆಲ್ಲ ನಗುತ್ತಿದ್ದೆವು, ಯಜಮಾನರೂ ನಗುತ್ತಿದ್ದರು. ತಂಗಿ ಚಹಾ ತಂದಾಗ ಬಟ್ಟಲು ತೆಗೆದುಕೊಳ್ಳಲು ತಿರುಗಿದ ನನಗೆ ಅವರ ಮುಖ ಕಂಡಿತು. ಅವರು ಟಿವಿಯ ಕಡೆ ನೋಡುತ್ತಿರಲಿಲ್ಲ, ನಮ್ಮ ಮುಖ ನೋಡುತ್ತಿದ್ದರು. ನಾವು ನಕ್ಕರೆ ಅವರು ನಗುತ್ತಿದ್ದರು, ಅರ್ಧ ಉಸಿರಿನಷ್ಟು ತಡವಾಗಿ. ಆಮೇಲೆ ನಾನು ಸಿನಿಮಾ ನೋಡಲಿಲ್ಲ. ಪ್ರತಿ ನಗುವಿಗೂ ಅವರನ್ನೇ ನೋಡಿದೆ. ಒಂದು ಸಲವೂ ಅವರು ಮೊದಲು ನಗಲಿಲ್ಲ.

ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅವರು ಕಾಳು ಒಕ್ಕುವ ರಾಶಿ ಮಷೀನು ಓಡಿಸಿದವರು. ತೊಗರಿ ರಾಶಿಯ ದಿನಗಳಲ್ಲಿ ಕರಜಗಿಯ ಕಡೆ ಹೋದರೆ ವಾರಗಟ್ಟಲೆ ಆ ಮಷೀನಿನ ಪಕ್ಕದಲ್ಲೇ ನಿಲ್ಲಬೇಕಿತ್ತು. ಕಿವಿ ಪೂರ್ತಿ ಹೋಗಿಲ್ಲ. “ಸಪ್ಪಳ ಕೇಳ್ತದ, ಮಾತು ತಿಳಿಯಂಗಿಲ್ಲ,” ಅನ್ನುತ್ತಾರೆ. ಕಲಬುರಗಿಯ ಡಾಕ್ಟರು ಹೇಳಿದ ಕಿವಿ ಮಷೀನು ಕೊಂಡದ್ದಾಯಿತು. ಕಿವಿಯೊಳಗೆ ಜೀರುಂಡೆ ಇಟ್ಟುಕೊಂಡಂತಾಗುತ್ತದೆಂದು ಎಂಟು ದಿನಕ್ಕೆ ತೆಗೆದಿಟ್ಟರು. ಅದೀಗ ನನ್ನ ಗುಂಡಿ ಡಬ್ಬಿಯಲ್ಲಿದೆ.

ಮೊದಲು ಮನೆಯಲ್ಲಿ ಟಿವಿ ನೋಡುವಾಗ ಅವರು ಮಾತುಮಾತಿಗೂ ಕೇಳುತ್ತಿದ್ದರು, “ಏನಂದ ಅಂವ?” ನನ್ನ ಕೈಯಲ್ಲಿ ಕಾಜಾ ಹಾಕಬೇಕಾದ ರವಿಕೆ, ಕಣ್ಣು ಟಿವಿಯಲ್ಲಿ. “ಆಮ್ಯಾಲ ಹೇಳ್ತೇನ್ರಿ,” ಅನ್ನುತ್ತಿದ್ದೆ. ಸಿನಿಮಾ ಮುಗಿದ ಮೇಲೆ ಯಾರಿಗೆ ನೆನಪಿರುತ್ತದೆ? ಕೆಲವು ತಿಂಗಳಿಂದ ಅವರು ಕೇಳುವುದನ್ನು ಬಿಟ್ಟಿದ್ದರು. ಕಿವಿ ಸುಧಾರಿಸಿರಬೇಕು ಎಂದುಕೊಂಡು ಸಮಾಧಾನದಿಂದಿದ್ದ ನಾನು ಜೇವರ್ಗಿಯಲ್ಲಿ ಆ ಚಹಾದ ಬಟ್ಟಲನ್ನು ಹಾಗೇ ಕೆಳಗಿಟ್ಟೆ.

ಆಳಂದದ ಬಸ್ಸು ಹತ್ತುವ ಹೊತ್ತಿಗೆ ತೀರ್ಮಾನ ಮಾಡಿದ್ದೆ. ಹದಿನೈದು ಸಾವಿರದೊಳಗೆ ಇವರಿಗೆ ಮಾತು ತಿಳಿಯುವಂಥ ಸಾಮಾನು ತರಬೇಕು.

ನಾನು ದರ್ಜಿ. ಹಳೆಯದೊಂದು ಕೈಮಷೀನನ್ನು ಚೌಕಾಶಿ ಮಾಡಿ ತಂದು ಶುರು ಮಾಡಿದವಳು; ಈಗ ಮೂರು ಮಷೀನುಗಳಿವೆ. ಓಣಿಯ ಹೆಂಗಸರು ಮದುವೆ ಸೀರೆಗೂ ಫ್ರಿಜ್ಜಿಗೂ ನನ್ನನ್ನೇ ಕರೆದೊಯ್ಯುತ್ತಾರೆ. ಆದ್ದರಿಂದ ಕೊಳ್ಳುವ ವಿಷಯದಲ್ಲಿ ಎರಡು ಮಾತು ಹೇಳುವ ಹಕ್ಕು ನನಗಿದೆ. ಬೋಣಿ ಆಗುವ ಮೊದಲೇ ಅಂಗಡಿಗೆ ಹೋಗಿ. ದಿನದ ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಲು ಯಾವ ವ್ಯಾಪಾರಿಗೂ ಮನಸ್ಸಾಗುವುದಿಲ್ಲ. ಬೇಕಾದ ಸಾಮಾನಿನ ಬೆಲೆ ಮೊದಲು ಕೇಳಬೇಡಿ, ಬೇಡದ್ದರ ಬೆಲೆ ಕೇಳಿ. ಮತ್ತೆ, ನಿಮ್ಮ ಊರಿನ ಅಂಗಡಿಗೆ ಹೋಗಬೇಡಿ. ಆಳಂದದವರಿಗೆ ನನ್ನ ಪರಿಚಯ ಚೆನ್ನಾಗಿದೆ. ನಾನು ಎಷ್ಟು ಇಳಿಸುತ್ತೇನೋ ಅಷ್ಟನ್ನು ಮೊದಲೇ ಏರಿಸಿ ಹೇಳುತ್ತಾರೆ.

ಹಾಗಾಗಿ ಅಫಜಲಪುರಕ್ಕೆ ಹೋದೆವು. ಅಂಗಡಿಯವನು ಬಾಗಿಲಿಗೆ ನೀರು ಹಾಕಿ ಆಗಷ್ಟೇ ಕೂತಿದ್ದ. ನನ್ನನ್ನು ದಾಟಿ ಯಜಮಾನರ ಜೊತೆ ಮಾತಿಗಿಳಿದ.

“ಸಾವ್ಕಾರ್ರ, ಇದು ಹತ್ತು ಸಾವಿರ ವ್ಯಾಟ್ ಅದ್ರಿ. ಓಣಿ ಪೂರಾ ಕೇಳ್ತದ.”

ಯಜಮಾನರು ತಲೆಯಾಡಿಸಿದರು. ಅವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ.

“ನನ್ನ ಕೂಡ ಮಾತಾಡ್ರಿ,” ಅಂದೆ. “ರೊಕ್ಕ ನನ್ನ ಚೀಲದಾಗ ಅದ. ಹತ್ತು ಸಾವಿರ ವ್ಯಾಟ್ ಅಂದ್ರ ನಮ್ಮನಿ ವೈರಿಂಗ್ ಉಳೀತದೇನ್ರಿ?”

ಆತ ನಕ್ಕ. “ಹಂಗಲ್ರಿ ಅಕ್ಕಾರ, ಅದು ಡಬ್ಬಿ ಮ್ಯಾಲ ಬರ್ದದ್ದು. ಖರೆ ಅಂದ್ರ ನೂರೋ ನೂರೈವತ್ತೋ.”

ಗಂಜಿ ಹಾಕಿದ ಬಟ್ಟೆ ಅಂಗಡಿಯಲ್ಲಿ ಗರಿಗರಿ ಅನ್ನುತ್ತದೆ. ಒಂದು ಒಗೆತಕ್ಕೆ ಅದರ ಬಣ್ಣ ಬಯಲಾಗುತ್ತದೆ. ಡಬ್ಬಿಯ ಮೇಲಿನ ವ್ಯಾಟು, ಅಂಗಡಿಯಲ್ಲಿ ಬಡಿಯುವ ಬಾಸು, ಇವೆರಡೂ ಗಂಜಿಯೇ. ಆತ ದಮ್ಮಿನ ಹಾಡು ಹಚ್ಚಲು ಹೋದಾಗ ತಡೆದೆ. ನಮಗೆ ಬೇಕಾದದ್ದು ಮಾತು. ಮಾತು ಹಚ್ಚಿಯೇ ನೋಡಬೇಕು. ಹಿಂದಿನ ದಿನ ತಂಗಿಗೆ ಹೇಳಿ ಅವಳ ರವಿಕೆಯ ಏಳು ಅಳತೆಗಳನ್ನು ಫೋನಿಗೆ ಧ್ವನಿ ಮಾಡಿ ತರಿಸಿಕೊಂಡಿದ್ದೆ. ಯಜಮಾನರನ್ನು ಅಂಗಡಿಯ ಹಿಂದಿನ ಗೋಡೆಗೆ ನಿಲ್ಲಿಸಿ, ಕೈಗೆ ನನ್ನ ಅಳತೆ ಪುಸ್ತಕವನ್ನೂ ಪೆನ್ನನ್ನೂ ಕೊಟ್ಟೆ. ಫೋನನ್ನು ಆ ಸೆಟ್ಟಿಗೆ ಜೋಡಿಸಿದ್ದಾಯಿತು. ಅಂಗಡಿಯ ತುಂಬ ತಂಗಿಯ ದನಿ ಹರಡಿತು.

“ಅಕ್ಕಾ, ಬರಕೋ. ಭುಜ ಹದಿನಾಕ. ತೋಳ ಉದ್ದ ಒಂಬತ್ತ. ಸ್ವಂಟ ಮೂವತ್ತೆರಡ. ನಮ್ಮನಿಯವರಿಗಿ ಹೇಳಬ್ಯಾಡ, ಎರಡು ಇಂಚ್ ಏರೇದ.”

ಅಂಗಡಿಯವನು ನೆಲ ನೋಡತೊಡಗಿದ. ಬಲ್ಬು ಕೊಳ್ಳಲು ಬಂದವನೊಬ್ಬ ಬಾಗಿಲಲ್ಲೇ ನಿಂತ. ನಾನು ಏಳೂ ಅಳತೆ ಮುಗಿಯುವವರೆಗೆ ಬಿಟ್ಟು, ಪುಸ್ತಕ ತೆಗೆದುಕೊಂಡು ನೋಡಿದೆ. ಏಳರಲ್ಲಿ ಮೂರು ಸರಿ. ಭುಜ ಹದಿನಾರು ಎಂದು ಬರೆದಿದ್ದರು. ಅದು ಪೈಲ್ವಾನನ ಭುಜ. ಇನ್ನೆರಡು ಸೆಟ್ಟು ಹಚ್ಚಿಸಿದೆ. ದೊಡ್ಡದಾದಷ್ಟೂ ಇನ್ನೂ ಕಡಿಮೆ ತಿಳಿಯಿತು.

ಕೊನೆಗೆ ಅಂಗಡಿಯವನೇ ನಿಜ ಹೇಳಿದ. “ಅಕ್ಕಾರ, ಸಿನಿಮಾದಾಗ ಮಾತು ಬರೋದು ಟಿವಿ ಕೆಳಗಿನ ನಡುವಿನ ಪೆಟ್ಟಿಗ್ಯಾಗಿಂದ. ಈ ಸಸ್ತಾ ಸೆಟ್ಟಿನಾಗ ಅದು ಹೆಸರಿಗಷ್ಟೇ ಇರ್ತದ. ಚಲೋದು ಬೇಕಂದ್ರ ನಿಮ್ಮ ರೊಕ್ಕಕ್ಕ ಹೊಸಾದು ಸಿಗಂಗಿಲ್ಲ. ಹಳೇದು ಹುಡುಕ್ರಿ.”

ಗಿರಾಕಿಯನ್ನು ಕಳೆದುಕೊಂಡಾದರೂ ನಿಜ ಹೇಳಿದವನ ಬೋಣಿ ಕೆಡಿಸಬಾರದು. ಸ್ಪೀಕರಿಗೆ ಬೇಕಾಗುವ ವೈರನ್ನು ಅವನ ಹತ್ತಿರವೇ ಕೊಂಡೆ. ಅದಕ್ಕೆ ಚೌಕಾಶಿ ಮಾಡಲಿಲ್ಲ.

ಹಳೆಯದು ಸಿಕ್ಕಿದ್ದು ಕಡಗಂಚಿಯಲ್ಲಿ. ಯೂನಿವರ್ಸಿಟಿಯಲ್ಲಿ ಕೆಲಸದಲ್ಲಿದ್ದವರೊಬ್ಬರು ಊರು ಬಿಟ್ಟು ಹೋಗುವವರಿದ್ದರು. ಅವರ ಮಡದಿ ನನ್ನ ಗಿರಾಕಿ. ಅಂಪ್ಲಿಫೈಯರು, ಮುಂದಿನ ಎರಡು ಸ್ಪೀಕರು, ಹಿಂದಿನ ಎರಡು, ನಡುವಿನದೊಂದು, ಬಾಸ್ ಪೆಟ್ಟಿಗೆ, ಎಲ್ಲ ಸೇರಿ ಹದಿನಾಲ್ಕು ಸಾವಿರ ಅಂದರು. ನಮ್ಮ ಟಿವಿಯ ಹಿಂದಿನ ಕಿಂಡಿಗಳ ಫೋಟೊ ಒಯ್ದಿದ್ದೆ. ವೈರು ಕೂಡುತ್ತದೆಂದು ಮೊದಲು ಖಾತ್ರಿ ಮಾಡಿಕೊಂಡೆ. ನೀವೂ ಹಾಗೇ ಮಾಡಿ. ಎಷ್ಟೋ ಜನ ಸಾಮಾನು ಮನೆಗೆ ತಂದ ಮೇಲೆ ಕಿಂಡಿ ಹುಡುಕುತ್ತಾರೆ. ಆಮೇಲೆ ತಂಗಿಯ ದನಿ ಹಚ್ಚಿದೆ. ಯಜಮಾನರಿಗೆ ಹಳೆಯ ಅಳತೆ ಬಾಯಿಗೆ ಬಂದಿರಬಹುದೆಂದು ಬೇರೆ ಅಳತೆ ಹೇಳಿಸಿದ್ದೆ. ಏಳರಲ್ಲಿ ಆರು ಸರಿ.

ಒಳಗೊಳಗೆ ಕುಣಿಯುವಂತಾದರೂ ಮುಖ ಗಂಟು ಹಾಕಿಕೊಂಡೆ. “ಹಿಂದಿನ ಎರಡು ನಮಗ ಬ್ಯಾಡ್ರಿ, ಅವು ನೀವೇ ಇಟ್ಕೋರಿ. ಬಾಸಿಂದೂ ಅಷ್ಟು ಕೆಲಸಿಲ್ಲ. ಉಳಿದದ್ದರ ಕಿಮ್ಮತ್ ಹೇಳ್ರಿ,” ಅಂದೆ.

ಲಾರಿಗೆ ಸಾಮಾನು ತುಂಬುವವರಿಗೆ ಒಂಟಿ ಸ್ಪೀಕರುಗಳು ಯಾತಕ್ಕೆ? ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಒಂಬತ್ತು ಸಾವಿರಕ್ಕೆ ಎಲ್ಲವೂ ಬಂದವು. ಮೇಲೆ ಆ ತಾಯಿಗೆ ಹೊರಡುವುದರೊಳಗೆ ಎರಡು ರವಿಕೆ ಹೊಲಿದುಕೊಡುವ ಮಾತು. ಅವು ಇವತ್ತಿಗೂ ನಾನು ಹೊಲಿದ ಒಳ್ಳೆಯ ರವಿಕೆಗಳಲ್ಲಿ ಸೇರುತ್ತವೆ.

ಮನೆಯಲ್ಲಿ ಎಲ್ಲ ಜೋಡಿಸಿ, ಮತ್ತೆ ಹೊಸ ಅಳತೆ ಹಚ್ಚಿದೆ. ಏಳರಲ್ಲಿ ಮೂರು.

ಅದೇ ಸಾಮಾನು, ಅದೇ ಕಿವಿ. ಎರಡನೇ ಸಲ ಹಚ್ಚಿದಾಗಲೂ ನಾಲ್ಕನ್ನು ದಾಟಲಿಲ್ಲ. ವೈರು ಬಿಚ್ಚಿ ಹಾಕಿದೆ, ದನಿ ಏರಿಸಿದೆ, ಇಳಿಸಿದೆ. ಯಜಮಾನರು ಪುಸ್ತಕವನ್ನು ಮೆಲ್ಲಗೆ ಮುಚ್ಚಿ ನನ್ನ ಕೈಗಿತ್ತರು.

“ಇರ್ಲಿ ಬಿಡು. ಚಿತ್ರ ಚಂದ ಕಾಣ್ತಾವ. ಅಷ್ಟ ಸಾಕು.”

ನನ್ನನ್ನು ಬೈದಿದ್ದರೆ ಆಗುತ್ತಿತ್ತು. ಹೊಲಿಗೆ ಕೋಣೆಗೆ ಹೋಗಿ ಮಷೀನಿನ ಮುಂದೆ ಕೂತು ನನ್ನಷ್ಟಕ್ಕೇ ಗೊಣಗಿಕೊಂಡೆ, “ಒಂಬತ್ತು ಸಾವಿರ ನೀರಾಗ ಹೋಯ್ತು.”

ಹಿಂದೆಯೇ ಬಂದು ಬಾಗಿಲ ಬಳಿ ಬಟ್ಟೆಯ ಗಂಟಿನ ಮೇಲೆ ಕೂತಿದ್ದ ಯಜಮಾನರು ಅಂದರು, “ನೀರಾಗ ಯಾಕ ಹೋಗ್ತದ ಬೇ? ಮಾರಿದ್ರ ಹನ್ನೊಂದಕ್ಕ ಮಾರ್ತಿ ನೀ.”

ನಾನು ಅವರ ಕಡೆ ಬೆನ್ನು ಹಾಕಿ ಕೂತಿದ್ದೆ. ಗೊಣಗಿದ್ದು ನನಗೇ ಸರಿಯಾಗಿ ಕೇಳುವಂತಿರಲಿಲ್ಲ. ಎದ್ದು ಅವರನ್ನು ಕರೆದುಕೊಂಡು ನಡುಮನೆಗೆ ಬಂದೆ, ಅಷ್ಟೇ ದೂರದಲ್ಲಿ ಕೂಡಿಸಿದೆ, ಬೆನ್ನು ಹಾಕಿದೆ, ಅದೇ ದನಿಯಲ್ಲಿ ಅದೇ ಮಾತು ಹೇಳಿದೆ.

“ಆಂ?” ಅಂದರು.

ನಮ್ಮ ನಡುಮನೆ ಕಲ್ಲಿನದು. ಕೆಳಗೆ ಫರಸಿ, ಸುತ್ತ ಕಲ್ಲುಗೋಡೆ. ಒಂದು ಸಲ ಚಪ್ಪಾಳೆ ತಟ್ಟಿದರೆ ಅದು ಗೋಡೆಯಿಂದ ಗೋಡೆಗೆ ಹಾರಿ ಸಾಯಲು ಹೊತ್ತು ಹಿಡಿಯುತ್ತದೆ. ಒಂದು ಮಾತು ಮುಗಿಯುವ ಮೊದಲೇ ಹಿಂದಿನ ಮಾತು ತಿರುಗಿ ಬಂದು ಅದರ ಮೇಲೆ ಬೀಳುತ್ತದೆ. ನನ್ನ ಹೊಲಿಗೆ ಕೋಣೆಯಲ್ಲಿ ತೂಗುಹಾಕಿದ ರವಿಕೆಗಳು, ಬಟ್ಟೆಯ ಗಂಟುಗಳು, ಚಿಂದಿಯ ಚೀಲಗಳು, ಮೂಲೆಯಲ್ಲಿ ಮಾಡಿನವರೆಗೆ ಪೇರಿಸಿದ ಕೌದಿಗಳು. ಅಲ್ಲಿ ತಿರುಗಿ ಬರಲು ಸದ್ದಿಗೆ ಒಂದು ಬರಿ ಗೋಡೆಯೂ ಇಲ್ಲ. ಕಡಗಂಚಿಯ ಆ ಮನೆಯಲ್ಲೂ ಕಿಟಕಿಗೆ ದಪ್ಪ ಪರದೆ, ಕಾಲ ಕೆಳಗೆ ಗಾಲೀಚೆ ಇದ್ದವು. ನಾನು ಸ್ಪೀಕರು ನೋಡಿದೆ, ಪರದೆ ನೋಡಲಿಲ್ಲ. ಬಟ್ಟೆಯಲ್ಲೇ ಬದುಕಿದವಳು ನಾನು. ನನ್ನ ಕಣ್ಣಿಗೇ ಬಟ್ಟೆ ಬೀಳದಿದ್ದದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಆ ಮಧ್ಯಾಹ್ನ ಹೊಲಿಗೆ ನಿಲ್ಲಿಸಿದೆ. ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ಐದು ದಪ್ಪ ಕೌದಿಗಳನ್ನು ತೆಗೆದು, ಮಾಡಿಗೆ ಗಳ ಕಟ್ಟಿ, ಮೂರು ಗೋಡೆಗೂ ಇಳಿಬಿಟ್ಟೆವು. ಫರಸಿಯ ಮೇಲೆ ಜಮಖಾನೆ ಹಾಸಿದೆವು. ಬಾಸ್ ಪೆಟ್ಟಿಗೆಯನ್ನು ಮೂಲೆಯಿಂದ ಈಚೆಗೆ ಎಳೆದು ಅದರ ಕಿವಿ ಹಿಂಡಿ ಸದ್ದು ಇಳಿಸಿದೆ. ನಡುವಿನ ಪೆಟ್ಟಿಗೆಯ ಮುಂದಿನ ತುದಿಗೆ ದಾರದ ಉಂಡೆ ಕೊಟ್ಟು, ಅದರ ಮುಖ ಯಜಮಾನರ ಕುರ್ಚಿಯ ಕಡೆ ಏಳುವಂತೆ ಮಾಡಿದೆ. ಹಿಂದಿನ ಎರಡು ಸ್ಪೀಕರುಗಳನ್ನು ಜೋಡಿಸಲೇ ಇಲ್ಲ. ಅವುಗಳ ಮೇಲೆ ಈಗ ಇಸ್ತ್ರಿ ಬಟ್ಟೆ ಇಡುತ್ತೇನೆ.

ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಕೇಳಿದಳು, “ಯಕ್ಕಾ, ಗ್ವಾಡಿಗಿ ಥಂಡಿ ಹತ್ಯದೇನು?”

“ಹೌದ, ಜ್ವರಾನೂ ಬಂದಾವ. ಮಾತಾಡಬ್ಯಾಡ, ಒಳಗ ಬಾ,” ಅಂದೆ.

ತಂಗಿಗೆ ಫೋನು ಮಾಡಿ ಹೊಸ ಅಳತೆ ಕಳಿಸಲು ಹೇಳಿದೆ. ಈ ಪರೀಕ್ಷೆಗಳಲ್ಲಿ ಅವಳಿಗೂ ರುಚಿ ಹತ್ತಿತ್ತು. ಧ್ವನಿ ಬಂತು, ಹಚ್ಚಿದೆ. ಯಜಮಾನರು ತಲೆ ತಗ್ಗಿಸಿ ಬರೆಯುತ್ತ ಹೋದರು. ನಾನು ಅವರ ಪೆನ್ನನ್ನೇ ನೋಡುತ್ತಿದ್ದೆ. ಭುಜ, ತೋಳು, ಎದೆ, ಕತ್ತು, ಒಂದೊಂದೂ ಸರಿ. ಕೊನೆಗೆ ತಂಗಿ ಅಂದಳು, “ಸ್ವಂಟ ಇಪ್ಪತ್ನಾಕ. ನಗಬ್ಯಾಡ ಅಕ್ಕಾ. ಬರಿಲಿಕ್ಕ ರೊಕ್ಕೇನ ಬೀಳ್ತಾವ?”

ಯಜಮಾನರು ಇಪ್ಪತ್ನಾಲ್ಕು ಎಂದು ಬರೆದು, ಪೆನ್ನು ಕೆಳಗಿಟ್ಟು, ಒಬ್ಬರೇ ನಕ್ಕರು.

ಮುಂದಿನ ಭಾನುವಾರ ತಂಗಿ ಗಂಡನ ಜೊತೆ ಬಂದಳು. ಆತ ಕೌದಿಗಳನ್ನು ನೋಡಿದ, ಸ್ಪೀಕರನ್ನು ಎತ್ತಿ ತೂಗಿದ, “ದಮ್ ಇಲ್ರಿ ಅಕ್ಕಾರ ಇದರಾಗ,” ಅಂದ. ದಮ್ ಬೇಕಾದರೆ ಜೇವರ್ಗಿಗೆ ಬರುತ್ತೇವೆ ಎಂದು ಹೇಳಿ, ಅವರ ಮನೆಯಲ್ಲಿ ನೋಡಿದ ಅದೇ ನಗೆಯ ಸಿನಿಮಾ ಹಾಕಿದೆ. ಆದರೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ತನ್ನ ಸೆಟ್ಟನ್ನು ಷೋರೂಮಿನಲ್ಲಿ ಕೊಂಡದ್ದಕ್ಕೆ ಅವನಿಗೆ ಎಷ್ಟು ಹೆಚ್ಚು ಬಿತ್ತು, ಬೋಣಿಗೆ ಮುಂಚೆ ಯಾಕೆ ಹೋಗಬೇಕು, ಕೌದಿಗೆ ಬರೀ ನೂಲಿನ ಖರ್ಚು ಎಂಬುದನ್ನೆಲ್ಲ ಅವನಿಗೆ ತಿಳಿಸಿ ಹೇಳುತ್ತಿದ್ದೆ.

ಯಜಮಾನರ ಕುರ್ಚಿಯಿಂದ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಕಣ್ಣು ಟಿವಿಯಲ್ಲಿ. ನಾವು ಮೂವರೂ ಇನ್ನೂ ನಕ್ಕಿರಲಿಲ್ಲ. ನನ್ನ ಮಾತಿನ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ.

“ಏನಂದನ್ರಿ ಅಂವ?” ಎಂದು ಕೇಳಿದೆ.

ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಕೈ ಮಾತ್ರ ಎತ್ತಿ ನನ್ನನ್ನು ಸುಮ್ಮನಿರಿಸಿದರು.

“ಆಮ್ಯಾಲ ಹೇಳ್ತೇನಿ ಬೇ.”